ಅಪ್ಪನ ಕಣ್ಣಿನ ಬಗ್ಗೆ ನಾನು ಕೇಳಿರಲಿಲ್ಲ

ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿ ಮಕ್ಕಳ ವೈದ್ಯೆಯಾಗಿ ಕೆಲಸ ಆರಂಭಿಸಿದ ಹೊಸದರಲ್ಲಿ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಬಂದರು. ರಾತ್ರಿ ದೀಪದ ಬೆಳಕಿಗೆ ಹುಡುಗನ ಬಲಗಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ ಎಂದರು. ಕೋಣೆಯನ್ನು ಕತ್ತಲು ಮಾಡಿ, ಮೊಳದಷ್ಟು ದೂರದಿಂದ, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಆಫ್ತಾಲ್ಮೋಸ್ಕೋಪ್ ಹಿಡಿದು ನೋಡಿದೆ. ಎಡಗಣ್ಣಿನ ಪಾಪೆಯಲ್ಲಿ ಕೆಂಪು ಹೊಳಪು, ಬಲಗಣ್ಣಿನಲ್ಲಿ ಬಿಳುಪು. ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲದ ಕ್ಯಾನ್ಸರ್, ಅಂದರೆ ರೆಟಿನೋಬ್ಲಾಸ್ಟೋಮಾ ಇರಬಹುದೆಂದು ಅಂದೇ ಬೆಂಗಳೂರಿಗೆ ಕಳುಹಿಸಿದೆ. ಕಣ್ಣನ್ನು ತೆಗೆಯಬೇಕಾಯಿತು, ಮಗು ಉಳಿಯಿತು. ನನ್ನ ಕೆಲಸ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಆ ಹುಡುಗನ ಅಪ್ಪ ಪ್ರತಿ ಸಲವೂ ಕಪ್ಪು ಕನ್ನಡಕ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ನಾನು ಒಳಗೆ ಕರೆಯಲಿಲ್ಲ. ಎರಡು ವರ್ಷದ ಮೇಲೆ ಅದೇ ಅಜ್ಜಿ ಎಂಟು ತಿಂಗಳ ಮೊಮ್ಮಗಳೊಂದಿಗೆ ಬಂದರು. ಸೋದರಮಾವ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಮಗುವಿನ ಒಂದು ಪಾಪೆ ಬೆಳ್ಳಗಿತ್ತು. ಬೆಂಗಳೂರಿನಲ್ಲಿ ಪರೀಕ್ಷಿಸಿದಾಗ ಎರಡೂ ಕಣ್ಣುಗಳಲ್ಲಿ ಗಡ್ಡೆ ಸಿಕ್ಕಿತು. ಆಗ ಅಪ್ಪನನ್ನು ಕರೆದು ಕೇಳಿದೆ. ಅವರು ಮಾತಾಡಲಿಲ್ಲ, ಕನ್ನಡಕ ತೆಗೆದರು. ಒಂದು ಕಣ್ಣು ಕೃತಕ.

"ರಾಗಿ ತೆನೆ ಚುಚ್ಚಿ ಕಣ್ಣು ಹೋಯಿತೆಂದು ಊರಿಗೆಲ್ಲ ಹೇಳಿದ್ದೆವು ಡಾಕ್ಟರಮ್ಮ. ಒಂದೂವರೆ ವರ್ಷದ ಕೂಸಾಗಿದ್ದಾಗ ಗಡ್ಡೆಯೆಂದು ತೆಗೆದಿದ್ದರು," ಎಂದರು ಅಜ್ಜಿ.

ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ್ದರೆ ಆ ಹೆಣ್ಣುಮಗುವಿನ ಕಣ್ಣುಗಳನ್ನು ಹುಟ್ಟಿದ ವಾರದಲ್ಲೇ ನೋಡಿಸಬಹುದಿತ್ತು. ಅವಳ ಒಂದು ಕಣ್ಣು ಉಳಿಯಲಿಲ್ಲ. ಇನ್ನೊಂದನ್ನು ಕೀಮೋಥೆರಪಿ ಮತ್ತು ಲೇಸರ್‌ನಿಂದ ಉಳಿಸಿಕೊಂಡರು. ಆ ತಪ್ಪು ನನ್ನದು.

ಅಂದಿನಿಂದ ಚೀಟಿಯ ಹಿಂಬದಿಯಲ್ಲಿ ವಂಶವೃಕ್ಷ ಬರೆಯದೆ ಇಂಥ ಮಗುವನ್ನು ಕಳುಹಿಸುವುದಿಲ್ಲ. ಅಜ್ಜ ಅಜ್ಜಿಯರಿಂದ ಹಿಡಿದು ಮೂರು ತಲೆಮಾರು. "ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಸಿಗುತ್ತದೆ. "ಚಿಕ್ಕಂದಿನಲ್ಲಿ ಕಣ್ಣು ಹೋದವರು ಯಾರು, ಎಳೆಯದರಲ್ಲೇ ತೀರಿಕೊಂಡ ಕೂಸುಗಳೆಷ್ಟು, ಏನಾಗಿತ್ತು" ಎಂದರೆ ಮಾತು ಹೊರಡುತ್ತದೆ. ಅರ್ಧ ಮಾತುಕತೆ ತೆಲುಗಿನಲ್ಲಿ ನಡೆಯುತ್ತದೆ. ಅಜ್ಜಿಯರಿಗೆ ನೆನಪಿರುವಷ್ಟು ಯಾವ ಆಸ್ಪತ್ರೆಯ ಕಡತದಲ್ಲೂ ಇರುವುದಿಲ್ಲ.

ಕಾರಣವನ್ನು ಬಾಗಿಲಿನ ಚಿಲಕದ ಮೂಲಕ ಹೇಳುತ್ತೇನೆ. ಆರ್‌ಬಿ1 ಎಂಬ ವಂಶವಾಹಿ ಹದಿಮೂರನೆಯ ವರ್ಣತಂತುವಿನಲ್ಲಿದೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು ಪ್ರತಿ ಬರುತ್ತದೆ. ಜೀವಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಎರಡು ಚಿಲಕಗಳು ಅವು. ಎರಡೂ ಮುರಿದರೆ ಗಡ್ಡೆ. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಚಿಲಕ ಮುರಿದುಕೊಂಡು ಬರುತ್ತಾರೆ, ಅದೂ ಮೈಯ ಪ್ರತಿ ಜೀವಕೋಶದಲ್ಲಿ. ಇನ್ನೊಂದು ಮುರಿದರೆ ಸಾಕು, ಅದಕ್ಕೇ ಅವರಿಗೆ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರಬಹುದು. ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಈ ಎರಡು ಪೆಟ್ಟಿನ ವಿವರಣೆ ಕೊಟ್ಟಾಗ ಆ ವಂಶವಾಹಿ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಈ ಕಾಯಿಲೆ ಬಂದ ನೂರು ಮಕ್ಕಳಲ್ಲಿ ಸುಮಾರು ನಲವತ್ತು ಮಂದಿಯಲ್ಲಿ ಅದು ಹೀಗೆ ಹುಟ್ಟಿನಿಂದ ಬಂದದ್ದು. ಅವರಲ್ಲೂ ಬಹುಪಾಲು ಮಕ್ಕಳ ತಂದೆತಾಯಿಗೆ ಏನೂ ಇರುವುದಿಲ್ಲ. ದೋಷ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ.

ಆದರೂ ತಂದೆತಾಯಿ ಇಬ್ಬರ ಕಣ್ಣಿಗೂ ಹನಿ ಹಾಕಿಸಿ ಅಕ್ಷಿಪಟಲ ನೋಡಿಸುತ್ತೇನೆ, ಏಕೆಂದರೆ ತಾನಾಗಿ ಅಡಗಿದ ಗಡ್ಡೆಯ ಕಲೆ ಅವರಿಗೇ ತಿಳಿಯದಂತೆ ಉಳಿದಿರಬಹುದು. ನಮಗೇಕೆ ಎಂದು ಕೇಳುವವರಿಗೆ ಇಲ್ಲಿ ಉತ್ತರ ಸುಲಭ. ರೇಷ್ಮೆಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗವಿಲ್ಲವೆಂದು ಖಚಿತವಾದ ಮೇಲೆಯೇ ಮೊಟ್ಟೆ ಕೊಡುವುದು ರೇಷ್ಮೆ ಬೆಳೆಗಾರರಿಗೆ ಗೊತ್ತು. ಗಂಟುರೋಗ ಸೋಂಕು, ಇದು ಸೋಂಕಲ್ಲ, ಮುಟ್ಟಿದರೆ ಹರಡುವುದಿಲ್ಲ ಎಂದು ತಪ್ಪದೆ ಸೇರಿಸುತ್ತೇನೆ.

ಸೊಸೆಯ ಕಡೆಯಿಂದ ಬಂತು, ಅಕ್ಕನ ಮಗಳನ್ನು ತಂದುಕೊಂಡದ್ದರಿಂದ ಬಂತು ಎಂಬ ಮಾತು ಪ್ರತಿ ಮನೆಯಲ್ಲೂ ಏಳುತ್ತದೆ. ಅದನ್ನು ಎಲ್ಲರನ್ನೂ ಕೂರಿಸಿಕೊಂಡೇ ತಡೆಯುತ್ತೇನೆ. ರಕ್ತಸಂಬಂಧದ ಮದುವೆ ಕೆಲವು ಕಾಯಿಲೆಗಳ ಅಪಾಯವನ್ನು ಹೆಚ್ಚಿಸುವುದು ನಿಜ. ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದಾಗ ಬರುವ ಫ್ಯಾಂಕೋನಿ ರಕ್ತಹೀನತೆ ಅಂಥದ್ದು, ಅದರಿಂದ ರಕ್ತದ ಕ್ಯಾನ್ಸರ್ ಬರಬಹುದು. ಆದರೆ ರೆಟಿನೋಬ್ಲಾಸ್ಟೋಮಾಕ್ಕೆ ಒಬ್ಬರಿಂದ ಬಂದ ದೋಷವೇ ಸಾಕು. ದೋಷವುಳ್ಳವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ಮದುವೆ ಯಾರೊಂದಿಗಾದರೂ ಸರಿ.

ಆ ಮನೆಯಲ್ಲಿ ಮೂರನೆಯ ಬಸಿರು ನಿಂತಾಗ ಮೊದಲೇ ತಯಾರಾಗಿದ್ದೆವು. ಹೆಣ್ಣುಮಗುವಿನ ರಕ್ತದಲ್ಲಿ ದೋಷ ಎಲ್ಲಿದೆಯೆಂದು ಪತ್ತೆಯಾಗಿತ್ತು. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯ ರಕ್ತ ತೆಗೆದು ಅದೊಂದನ್ನೇ ಹುಡುಕಿಸಿದೆವು. ಈ ಕೂಸಿನಲ್ಲೂ ಇತ್ತು. ಮೊದಲ ಎರಡು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬೆಂಗಳೂರಿನ ಬಸ್ ಹತ್ತಿದರು. ಐದನೆಯ ವಾರ ಸಾಸಿವೆಯಷ್ಟು ಗಡ್ಡೆ ಕಂಡಿತು, ಲೇಸರ್ ಸಾಕಾಯಿತು. ಅವನಿಗೆ ಎರಡೂ ಕಣ್ಣು ಕಾಣುತ್ತವೆ.

ವರದಿಯ ಮೇಲೆ ನಾನು ಕೆಂಪು ಶಾಯಿಯಲ್ಲಿ ಎರಡು ಮಾತು ಬರೆದಿದ್ದೇನೆ: ಮೂಳೆ ನೋವು, ಊತ ವಾಸಿಯಾಗದಿದ್ದರೆ ತಡಮಾಡದೆ ತೋರಿಸಬೇಕು, ಏಕೆಂದರೆ ದೊಡ್ಡವರಾದ ಮೇಲೆ ಮೂಳೆಯ ಕ್ಯಾನ್ಸರಿನ ಅಪಾಯವೂ ಇವರಿಗೆ ಹೆಚ್ಚು, ಮಕ್ಕಳಾಗುವ ಮುಂಚೆ ವಂಶವಾಹಿ ತಜ್ಞರನ್ನು ಕಾಣಬೇಕು. ಅದನ್ನು ಎಲ್ಲಿಟ್ಟಿದ್ದೀರಿ ಎಂದು ಮೊನ್ನೆ ಅಜ್ಜಿಯನ್ನು ಕೇಳಿದೆ. ಟ್ರಂಕಿನಲ್ಲಿ, ಮಕ್ಕಳ ಜಾತಕದ ಜೊತೆಗೇ ಇಟ್ಟಿದ್ದೇನೆ ಎಂದರು.