ಬಗ್ಗಿದ ಕೌಂಟರಿಗೆ ಗಟ್ಟಿ ಮರದ ಪಟ್ಟಿ ಪ್ಯಾನೆಲ್: ನಮ್ಮ ಮಳೆ ತಾಳುವ ಹಾಗೆ ಮಾಡುವುದು ಹೇಗೆ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಹೊಸ ಮನೆ, ಕ್ಲಿನಿಕ್, ಬೇಕರಿ ಕಟ್ಟುವವರಲ್ಲಿ ರೌಂಡ್ ಶೇಪಿನ ಕೌಂಟರ್ ಬೇಕು ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ, ಆದ್ರೆ ಹಲಗೆ ಬಗ್ಗುವುದಿಲ್ಲ ಅಂತ ಹೇಳಿ ಕೊನೆಗೆ ಪ್ಲೈವುಡ್ ಮೇಲೆ ಮೈಕಾ ಅಂಟಿಸಿ ಕೆಲಸ ಮುಗಿಸಿ ಬಿಡ್ತಾರೆ. ಅಷ್ಟಕ್ಕೆ ನಿಲ್ಲಿಸ್ಬೇಕಾಗಿಲ್ಲ. ತೇಗ, ಹಲಸು, ಹೆಬ್ಬಲಸಿನಂಥ ಗಟ್ಟಿ ಮರವನ್ನೇ ಸಪೂರ ಪಟ್ಟಿ ಸೀಳಿ, ಸಾಲಾಗಿ ಜೋಡಿಸಿ, ಹಿಂದೆ ಬಟ್ಟೆ ಅಂಟಿಸಿದ್ರೆ ಇಡೀ ಪ್ಯಾನೆಲ್ ಚಾಪೆ ಹಾಗೆ ಸುತ್ತಿಕೊಳ್ತದೆ. ಇದೇ ಟ್ಯಾಂಬೂರ್ ಪ್ಯಾನೆಲ್. ಅಮೆರಿಕದ ಬಫಲೋ ಊರಿನ ಅಬ್ನರ್ ಕಟ್ಲರ್ 1882ರಲ್ಲಿ ಪೇಟೆಂಟ್ ಪಡೆದ ರೋಲ್‌ಟಾಪ್ ಮೇಜಿನ ಮುಚ್ಚಳ ಉಂಟಲ್ಲ, ಅದರಲ್ಲಿಯೂ ಇದೇ ವಿದ್ಯೆ.

ಬಗ್ಗಿಸುವುದು ದೊಡ್ಡ ಸಂಗತಿ ಅಲ್ಲ, ಬಟ್ಟೆಯೇ ಬಗ್ಗಿಸಿ ಕೊಡ್ತದೆ. ವರ್ಷಕ್ಕೆ ಸುಮಾರು 3500 ಎಂಎಂ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ಅದು ಆಟಿ ತಿಂಗಳಲ್ಲಿ ಉಬ್ಬದೆ, ಎಪ್ರಿಲ್‌ನಲ್ಲಿ ಬಾಯಿ ಬಿಡದೆ ಇರಬೇಕಲ್ಲ, ಕಷ್ಟ ಇರುವುದು ಅಲ್ಲಿ. ಹಾಗಾಗಿ ಮರದ ತೇವದ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಬೇಸರ ಮಾಡ್ಬೇಡಿ.

ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಅಗಲಕ್ಕೆ ಹಿಗ್ತದೆ. ಸಾಧಾರಣ ರೀತಿಯಲ್ಲಿ ಸೀಳಿದ ತೇಗದ ಪಟ್ಟಿಗಳಿಂದ 1200 ಎಂಎಂ ಅಗಲದ ಪ್ಯಾನೆಲ್ ಮಾಡಿದ್ದೀರಿ ಅಂತ ಇಟ್ಕೊಳ್ಳಿ, ಮರದ ತೇವ 4 ಪರ್ಸೆಂಟ್ ಏರಿದ್ರೆ ಎಲ್ಲ ಪಟ್ಟಿ ಸೇರಿ ಸುಮಾರು 9 ಎಂಎಂ ಹಿಗ್ತದೆ. ಒಂದೊಂದು ಪಟ್ಟಿ ನೋಡಿದ್ರೆ ಎಂತ ಇಲ್ಲ, ಎಲ್ಲ ಸೇರಿ ಒಂದನ್ನೊಂದು ದೂಡಿದ್ರೆ ಪ್ಯಾನೆಲ್ ನಡುವಿಂದ ಎದ್ದು ನಿಲ್ತದೆ. ಮರದ ಸುತ್ತುಗೆರೆ ಪಟ್ಟಿಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಸೀಳಿಸಿದ್ರೆ ಈ ಹಿಗ್ಗುವಿಕೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತದೆ. ಮಿಲ್ಲಿನವರು ಹಾಗೆ ಸೀಳಿದ್ರೆ ಮರ ವೇಸ್ಟ್ ಆಗ್ತದೆ ಅಂತ ಹೇಳ್ತಾರೆ, ಅದು ಹೌದು, ಆದ್ರೂ ಒತ್ತಾಯ ಮಾಡಿ ಹೇಳಿ ಮಾಡಿಸಿ, ಈ ಕೆಲಸಕ್ಕೆ ಅದು ಬೇಕೇ ಬೇಕು.

ಮರ 12 ಪರ್ಸೆಂಟ್ ತೇವದ ಆಸುಪಾಸಿಗೆ ಬರಬೇಕು. ಮೀಟರ್ ಇಲ್ಲದಿದ್ರೆ ಪಟ್ಟಿಗಳಲ್ಲಿ ಒಂದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಆಗಾಗ ತೂಗಿ ಬರೆದಿಡಿ. ವಾರಗಟ್ಟಲೆ ತೂಕ ಬದಲಾಗದಿದ್ರೆ ಆ ಜಾಗದ ಗಾಳಿಗೆ ಅದು ಹೊಂದಿಕೊಂಡಿದೆ ಅಂತ ಅರ್ಥ. ಒಣಗಿಸುವುದು ಮನೆಯ ಒಳಗೆ, ಪಟ್ಟಿಗಳ ನಡುವೆ ಸಣ್ಣ ಕೋಲು ಇಟ್ಟು. ಬಿಸಿಲಿಗೆ ಹಾಕಿದ್ರೆ ಸೀಳು ಬಿಡ್ತದೆ. ದೀಪಾವಳಿ ಕಳೆದು ತುಲಾ ಮಳೆ ನಿಂತ ಮೇಲೆ ಶುರು ಮಾಡಿದ್ರೆ ಎಲ್ಲ ಸುಲಭ. ಇಲ್ಲಿ ಕಡಿಮೆಗೆ ಸಿಗ್ತದೆ ಅಂತ ರಬ್ಬರ್ ಮರ ಹಾಕುವವರು ಟ್ರೀಟ್ ಮಾಡಿದ್ದನ್ನೇ ತೆಗೊಳ್ಳಿ, ಹಸಿ ರಬ್ಬರ್ ಮರಕ್ಕೆ ಹುಳ ಬಹಳ ಬೇಗ ಬೀಳ್ತದೆ.

ಪಟ್ಟಿ ಎಷ್ಟು ಅಗಲ? ಇದಕ್ಕೆ ಒಂದು ಲೆಕ್ಕ ಉಂಟು. ಪಟ್ಟಿಯ ಅಗಲವನ್ನು ಅದರಿಂದಲೇ ಗುಣಿಸಿ, ತಿರುವಿನ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದ್ರೆ, ಚಪ್ಪಟೆ ಪಟ್ಟಿಗೂ ಉರುಟಾದ ಮೈಗೂ ನಡುವೆ ಎಷ್ಟು ಸಂದು ಬೀಳ್ತದೆ ಅಂತ ಸಿಗ್ತದೆ. ರೇಡಿಯಸ್ 300 ಎಂಎಂ, ಪಟ್ಟಿ 20 ಎಂಎಂ ಆದ್ರೆ 0.17 ಎಂಎಂ ಅಷ್ಟೆ, ಅಂಟು ತುಂಬಿಕೊಳ್ತದೆ. ಅದೇ ಪಟ್ಟಿಯನ್ನು 100 ಎಂಎಂ ರೇಡಿಯಸ್‌ನ ಕಂಬಕ್ಕೆ ಸುತ್ತಿದ್ರೆ ಅರ್ಧ ಎಂಎಂ, ಆಗ ಅಂಚು ಎದ್ದು ಕಾಣ್ತದೆ, ಅಂಥಲ್ಲಿ 10–12 ಎಂಎಂ ಪಟ್ಟಿಯೇ ಆಗಬೇಕು. ದಪ್ಪ 6ರಿಂದ 10 ಎಂಎಂ ಸಾಕು. ಹೊರಗೆ ಉಬ್ಬಿದ ಮೈಗೆ ಬಟ್ಟೆ ಒಳಗೆ ಹೋಗಿ ಪಟ್ಟಿಗಳ ಮುಖ ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ತದೆ, ಅದರಲ್ಲಿ ತೊಂದರೆ ಇಲ್ಲ. ಒಳಗೆ ತಗ್ಗಿದ ಮೈಗೆ ಹಾಕುವಾಗ ಮುಖಗಳು ಒಂದಕ್ಕೊಂದು ಹೊಡೆದು ಪ್ಯಾನೆಲ್ ಬಗ್ಗುವುದೇ ಇಲ್ಲ, ಅಲ್ಲಿಗೆ ಪಟ್ಟಿಯ ಎರಡೂ ಅಂಚು ಓರೆ ಮಾಡ್ಬೇಕು. 20 ಎಂಎಂ ಪಟ್ಟಿ, 300 ರೇಡಿಯಸ್ ಆದ್ರೆ ಒಂದೊಂದು ಕಡೆ ಹೆಚ್ಚುಕಮ್ಮಿ 2 ಡಿಗ್ರಿ.

ಒಂದೇ ಹಲಗೆಯಿಂದ ಸೀಳಿದ ಪಟ್ಟಿಗಳಿಗೆ ಸೀಳಿದ ಕ್ರಮದಲ್ಲೇ ಹಿಂದೆ ಪೆನ್ಸಿಲಿನಲ್ಲಿ ನಂಬರ್ ಹಾಕಿ, ಹಾಗೆ ಜೋಡಿಸಿದ್ರೆ ಮರದ ಗೆರೆ ಒಂದೇ ಹಲಗೆಯ ಹಾಗೆ ಹರಿದುಕೊಂಡು ಹೋಗ್ತದೆ, ನೋಡ್ಲಿಕ್ಕೆ ಬಹಳ ಚಂದ. ಪಾಲಿಶ್ ಕೂಡ ಬಟ್ಟೆ ಅಂಟಿಸುವ ಮೊದಲೇ, ಮುಖ ಮತ್ತು ಅಂಚಿಗೆ. ಆಮೇಲೆ ಹೊಡೆದ್ರೆ ಪಾಲಿಶೇ ಪಟ್ಟಿಗಳನ್ನು ಅಂಟಿಸಿ ಬಿಡ್ತದೆ. ಮಳೆ ಹೊಯ್ಯುವ ದಿವಸ ಲ್ಯಾಕರ್ ಸ್ಪ್ರೇ ಬೇಡ, ಗಾಳಿಯ ತೇವಕ್ಕೆ ಬಿಳಿಚಿಕೊಳ್ತದೆ.

ಈಗ ಅಂಟಿಸುವುದು. ಸಮತಟ್ಟಾದ ಪ್ಲೈವುಡ್ ಮೇಲೆ ಎರಡು ರೀಪು ಸರಿಯಾದ ಮೂಲೆಮಟ್ಟಕ್ಕೆ ಹೊಡೀರಿ. ಪಟ್ಟಿಗಳ ಅಂಚಿಗೆ ಮೇಣದಬತ್ತಿ ಉಜ್ಜಿ, ಮುಖ ಕೆಳಗೆ ಮಾಡಿ ಆ ಮೂಲೆಗೆ ತಾಗಿಸಿ ಒಂದೊಂದಾಗಿ ಇಡ್ತಾ ಹೋಗಿ. ಬೇಸಿಗೆಯಲ್ಲಿ ಮಾಡುವುದಾದ್ರೆ ಪಟ್ಟಿ ಪಟ್ಟಿಯ ನಡುವೆ ಎರಡು ತುದಿಯಲ್ಲಿ ಜೆರಾಕ್ಸ್ ಕಾಗದ ಎರಡು ಮಡಿಕೆ ಇಡಿ, ಮಳೆಗಾಲದಲ್ಲಿ ಹಿಗ್ಗಲಿಕ್ಕೆ ಅಷ್ಟು ಜಾಗ ಬೇಕು. ಆಚೆ ಬದಿಯಿಂದ ಬೆಣೆ ಹೊಡೆದು ಬಿಗಿ ಮಾಡಿ.

ಬಟ್ಟೆ ಅಂದ್ರೆ ಹತ್ತಿಯ ದಪ್ಪ ಕ್ಯಾನ್ವಾಸ್, ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಹಾಕಿದ್ದು, ಇಲ್ಲದಿದ್ರೆ ಅಂಟಿನ ನೀರಿಗೆ ಕುಗ್ಗಿ ಪ್ಯಾನೆಲ್ ತಿರುಚಿಕೊಳ್ತದೆ. ವಾಟರ್‌ಪ್ರೂಫ್ ಗ್ರೇಡಿನ ಬಿಳಿ ಮರದಂಟು ಸಾಕು, ತೆಳ್ಳಗೆ, ಹಲ್ಲಿನ ಪಟ್ಟಿಯಲ್ಲಿ ಎಳೆದು. ದಪ್ಪ ಹಾಕಿದ್ರೆ ಸಂದಿಗೆ ಇಳೀತದೆ, ಅಲ್ಲಿಗೆ ಪ್ಯಾನೆಲ್ ಹಲಗೆ ಆಯ್ತು ಅಂತ ಲೆಕ್ಕ. ಬಟ್ಟೆಯನ್ನು ನಡುವಿಂದ ಹೊರಗೆ ಉಜ್ಜಿ, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಹಲಗೆ, ಭಾರ.

ಆಮೇಲಿನ ಹಂತವನ್ನು ತುಂಬ ಜನ ಬಿಟ್ಟು ಬಿಡ್ತಾರೆ. ಅಂಟು ಹಿಡಿದಿದೆ ಆದ್ರೆ ಕಲ್ಲಾಗಲಿಲ್ಲ ಅನ್ನುವಾಗ, ಅಂದ್ರೆ ಒಂದೆರಡು ಗಂಟೆಯಲ್ಲಿ, ಭಾರ ತೆಗೆದು ಕಾಗದ ಎಳೆದು, ಪ್ಯಾನೆಲ್ಲನ್ನು ಬಟ್ಟೆ ಕೆಳಗೆ ಮಾಡಿ ಮೇಜಿನ ಅಂಚಿನ ಮೇಲೆ ನಿಧಾನಕ್ಕೆ ದೂಡಿಕೊಂಡು ಬಗ್ಗಿಸ್ತಾ ಹೋಗಿ. ಅಲ್ಲಲ್ಲಿ ಸಂದಿಗೆ ಇಳಿದ ಅಂಟು ಟಕ್ ಅಂತ ಬಿಟ್ಟುಕೊಳ್ಳುವುದು ಕೇಳ್ತದೆ. ಬಿಡದ ಕಡೆ ತೆಳು ಬ್ಲೇಡ್ ಹಾಕಿ ಬಿಡಿಸಿ. ಮರುದಿನ ಮಾಡುವ ಅಂತ ಇಟ್ರೆ ಬಟ್ಟೆಯೇ ಹರೀತದೆ.

ಕೌಂಟರಿನ ಒಳಗಿನ ಗೂಡಿಗೆ 18 ಎಂಎಂ ಪ್ಲೈವುಡ್ಡಿನ ಬಾಗಿದ ರಿಬ್‌ಗಳು, ಅದರ ಮೇಲೆ ಬಗ್ಗುವಂಥ ಫ್ಲೆಕ್ಸಿ ಪ್ಲೈ ಎರಡು ಪದರ. ಕೆಳಗಿನ ರಿಬ್ ಮಾತ್ರ ಐಎಸ್ 710 ಗುರುತಿರುವ ಮರೈನ್ ಪ್ಲೈ ಆಗ್ಲಿ. ಮೊದಲ ಪಟ್ಟಿಯನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಅದು ಕೂದಲೆಳೆ ಓರೆ ಆದ್ರೂ ಕೊನೆಯ ಪಟ್ಟಿಗೆ ಬರುವಾಗ ಕಣ್ಣಿಗೆ ಹೊಡೀತದೆ. ಪ್ಯಾನೆಲ್ಲನ್ನು ಈ ಪ್ಲೈಗೆ ಹಿಡಿಸುವ ಕಾಂಟ್ಯಾಕ್ಟ್ ಅಂಟು ಒಮ್ಮೆ ತಾಗಿದ್ರೆ ಮತ್ತೆ ಸರಿಸ್ಲಿಕ್ಕೆ ಬರುವುದಿಲ್ಲ, ಹಾಗಾಗಿ ನಡುವೆ ಸಪೂರ ಕೋಲು ಇಟ್ಕೊಂಡು ಒಂದೊಂದೇ ಕೋಲು ಎಳೆದು ಒತ್ತಿಕೊಂಡು ಹೋಗಿ. ನೆಲದಿಂದ ಸುಮಾರು 10 ಎಂಎಂ ಮೇಲೆ ನಿಲ್ಲಿಸಿ, ನೆಲ ಒರೆಸಿದ ನೀರು ಪಟ್ಟಿಯ ತುದಿಯಿಂದ ಏರಬಾರದು, ಒರಲೆಗೂ ದಾರಿ ಆಗಬಾರದು.

ಇದೇ ಪ್ಯಾನೆಲ್ಲಿನಲ್ಲಿ ಕಪಾಟಿಗೆ ಸರಿಯುವ ಬಾಗಿಲು ಮಾಡುವುದಾದ್ರೆ ಬೇರೆ ಎರಡು ವಿಷಯ ಉಂಟು. ಪಟ್ಟಿಯ ತುದಿ ಗಾಡಿಯಲ್ಲಿ, ಅಂದ್ರೆ ಮರದಲ್ಲಿ ಕೊರೆದ ಉದ್ದ ತೋಡಿನಲ್ಲಿ, ಓಡುವ ಕಾರಣ ಬಟ್ಟೆಯನ್ನು ಎರಡೂ ಕಡೆ 15 ಎಂಎಂ ಮೊದಲೇ ನಿಲ್ಲಿಸ್ಬೇಕು, ಗಾಡಿ ಪಟ್ಟಿಯ ದಪ್ಪಕ್ಕಿಂತ ಒಂದು ಎಂಎಂ ಸಡಿಲ ಇರಬೇಕು, ಎರಡೂ ಬದಿಯ ಗಾಡಿ ಒಂದೇ ಟೆಂಪ್ಲೇಟ್ ಇಟ್ಟು ರೂಟರ್‌ನಲ್ಲಿ ಕೊರೆದದ್ದಾಗಿರಬೇಕು. ನಿಜವಾದ ಮರ ತೆಗೆಯುವ ಮೊದಲು ಎಂಟು-ಹತ್ತು ಪಟ್ಟಿಯ ಸಣ್ಣ ತುಂಡು ಮಾಡಿ ಆ ತಿರುವಿನಲ್ಲಿ ಓಡಿಸಿ ನೋಡಿ. ಮತ್ತೆ, ಗಾಡಿಯ ಬಾಯಿ ಕಪಾಟಿನ ಹಿಂದುಗಡೆಗೆ ತೆರೆದಿರಲಿ, ಹಿಂದಿನ ಹಲಗೆಗೆ ಅಂಟು ಬೇಡ, ಸ್ಕ್ರೂ ಮಾತ್ರ. ಬಟ್ಟೆ ಮರಕ್ಕಿಂತ ಮೊದಲು ಸವೀತದೆ, ಆಗ ಪ್ಯಾನೆಲ್ ಹೊರಗೆ ತೆಗೆದು ಹಳೆ ಬಟ್ಟೆ ಕಿತ್ತು ಹೊಸದು ಅಂಟಿಸ್ಲಿಕ್ಕೆ ಆ ಒಂದೇ ದಾರಿ.