ರೆಸ್ಯೂಮೆಯಲ್ಲಿ ಗಿಟ್‌ಹಬ್ ಕೊಂಡಿ ಕೊಡುವ ಮುನ್ನ

ರೆಸ್ಯೂಮೆಯಲ್ಲಿ ನಿಮ್ಮ ಪ್ರಾಜೆಕ್ಟಿನ ಗಿಟ್‌ಹಬ್ (ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ) ಕೊಂಡಿ ಕೊಡುವ ಮೊದಲು ಅದನ್ನು ಗೆಳೆಯರೊಬ್ಬರ ಲ್ಯಾಪ್‌ಟಾಪಿಗೆ ಕ್ಲೋನ್ ಮಾಡಿಸಿ (ಪೂರ್ತಿ ನಕಲು ಇಳಿಸಿ), ರೀಡ್‌ಮಿ ಎಂಬ ವಿವರಣೆ ಫೈಲಿನಲ್ಲಿ ಬರೆದಷ್ಟನ್ನೇ ನೋಡಿಕೊಂಡು ಓಡಿಸಲು ಹೇಳಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿರಿ. ಹಿಂದೆಂದೋ ಇನ್‌ಸ್ಟಾಲ್ ಮಾಡಿ ಮರೆತ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಏರಿಸಬಾರದ ಫೈಲ್‌ಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಿಂದಾಗಿ ಗಿಟ್‌ಹಬ್‌ಗೆ ಹೋಗದೆ ಉಳಿದ ಸೆಟ್ಟಿಂಗ್ಸ್ ಫೈಲ್, ಇವೆಲ್ಲ ನಿಮ್ಮ ಯಂತ್ರದಲ್ಲಿ ಮಾತ್ರ ಇರುತ್ತವೆ. ನಿಮ್ಮ ಮಂಗಳೂರು–ಮಣಿಪಾಲ ಬಸ್ ವೇಳಾಪಟ್ಟಿಯ ಆ್ಯಪ್ ಎಷ್ಟೇ ಚಂದವಿರಲಿ, ಅದನ್ನು ಓಡಿಸಿದಾಗ ‘ಮಾಡ್ಯೂಲ್ ನಾಟ್ ಫೌಂಡ್’ (ಬೇಕಾದ ಕೋಡ್ ಸಿಗಲಿಲ್ಲ) ಎಂಬ ಸಾಲು ಕಂಡರೆ ಕಂಪನಿಯವರು ಮುಂದಿನ ಅರ್ಜಿ ತೆರೆಯುತ್ತಾರೆ. ಗೆಳೆಯರು ಎಲ್ಲಿ ತಡವರಿಸಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿಗೆ ರೀಡ್‌ಮಿಯಲ್ಲಿ ಒಂದು ಸಾಲು ಸೇರಿಸಿ. ಹಾಗೆಂದು ಸೆಟ್ಟಿಂಗ್ಸ್ ಫೈಲಿನಲ್ಲಿರುವ ಎಪಿಐ ಕೀಯನ್ನೇ (ಹೊರಗಿನ ಸೇವೆ ಬಳಸಲು ಬೇಕಾದ, ಪಾಸ್‌ವರ್ಡಿನಂಥ ಗುಟ್ಟಿನ ಸಂಕೇತ) ಏರಿಸಿಬಿಡಬೇಡಿ: ಆಮೇಲೆ ಫೈಲ್ ಅಳಿಸಿದರೂ ಅದು ಕಮಿಟ್ ಇತಿಹಾಸದಲ್ಲಿ, ಅಂದರೆ ಹಳೆಯ ಬದಲಾವಣೆಗಳ ದಾಖಲೆಯಲ್ಲಿ, ಉಳಿಯುತ್ತದೆ. ಕೀಯ ಜಾಗ ಖಾಲಿ ಬಿಟ್ಟ ಮಾದರಿ ಸೆಟ್ಟಿಂಗ್ಸ್ ಫೈಲ್ ಸಾಕು. ಗೆಳೆಯರು ನಿಮ್ಮದೇ ತರಗತಿಯವರಾದರೆ ಈ ಉಪಾಯ ಅರ್ಧ ಕೆಡುತ್ತದೆ, ಅವರಲ್ಲೂ ಅವೇ ಲೈಬ್ರರಿಗಳಿರುತ್ತವೆ. ಸಿವಿಲ್ ವಿಭಾಗದವರನ್ನು ಹಿಡಿಯಿರಿ, ಒಂದು ಚಹಾದಲ್ಲಿ ಕೆಲಸ ಮುಗಿಯುತ್ತದೆ. ನೂರಾರು ಮಂದಿಗೆ ಒಟ್ಟಿಗೆ ಆ್ಯಪ್ಟಿಟ್ಯೂಡ್ ಪರೀಕ್ಷೆ ಇಟ್ಟು ಸೋಸುವ ಕ್ಯಾಂಪಸ್ ಆಯ್ಕೆಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಊರಿನ ಸಣ್ಣ ಕಂಪನಿಗಳಿಗೆ ನೇರವಾಗಿ ಅರ್ಜಿ ಹಾಕುವವರು ಮಾತ್ರ ತಪ್ಪದೆ ಮಾಡಿ.