ರಾತ್ರಿಯಿಡೀ ಮಾಂಸಕ್ಕೆ ಹೊಗೆ: ಮನೆಯಲ್ಲೇ ಮಾಡಿದ ಕಂಟ್ರೋಲರ್ ಬಳಸುವುದು ಹೇಗೆ?

ಸ್ಮೋಕರ್ ಅಂದರೆ ಮಾಂಸವನ್ನು ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಮುಚ್ಚಿದ ಒಲೆ; ಅದರ ಬಿಸಿ ಅಳೆದು ಗಾಳಿ ಊದುವ ಫ್ಯಾನನ್ನು ತಾನೇ ನಡೆಸುವುದು ಕಂಟ್ರೋಲರ್. ಅದನ್ನು ಮನೆಯಲ್ಲೇ ಜೋಡಿಸಿಕೊಂಡವರು ಎಡವುವುದು ಸರ್ಕ್ಯೂಟ್‌ನಲ್ಲಿ ಅಲ್ಲ, ಬೆಂಕಿಯಲ್ಲಿ. ವೈರಿಂಗ್ ಎಲ್ಲ ಚೊಕ್ಕವಾಗಿರುತ್ತದೆ, ಬೆಳಗ್ಗೆ ಎದ್ದು ಮುಚ್ಚಳ ತೆಗೆದರೆ ಮಾಂಸ ಕರಕಲು. ಇದ್ದಿಲಿನ ಸ್ಮೋಕರ್‌ಗೆ ಹಾಕುವ ಫ್ಯಾನ್ ಬಿಸಿ ಏರಿಸಬಲ್ಲದು, ಇಳಿಸಲಾರದು. ಜಾಸ್ತಿಯಾದಾಗ ಅದು ನಿಲ್ಲಬಹುದು, ಅಷ್ಟೇ.

ಮೊದಲು ಸೆನ್ಸರ್. ಕೆ ಟೈಪ್ ಥರ್ಮೋಕಪಲ್ (ಎರಡು ಲೋಹದ ತಂತಿ ಸೇರಿಸಿ ಮಾಡಿದ ಬಿಸಿ ಅಳೆಯುವ ಸೆನ್ಸರ್), ಜೊತೆಗೆ ಅದರ ಸಂಕೇತವನ್ನು ಅಂಕಿಯಾಗಿಸುವ ಮ್ಯಾಕ್ಸ್6675 ಚಿಪ್ ತಗೊಳ್ಳಿ. ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಬೇಡವೇ ಬೇಡ: ಅದರ ಮಿತಿ 125 ಡಿಗ್ರಿ ಸೆಲ್ಸಿಯಸ್, ನಮಗೆ ಬೇಕಿರುವುದು 110ರ ಆಸುಪಾಸು, ಒಮ್ಮೆ ಬೆಂಕಿ ಜೋರಾದರೆ ಅದರ ಕಥೆ ಮುಗಿಯಿತು. ಥರ್ಮೋಕಪಲ್ ಗಿಡ್ಡವಾಯಿತೆಂದು ಮಾಮೂಲಿ ತಾಮ್ರದ ವೈರ್ ಸೇರಿಸಬೇಡಿ, ಲೆಕ್ಕ ತಪ್ಪುತ್ತದೆ. ಬಿಸಿ ಮಾಡಿದಂತೆ ಅಂಕಿ ಇಳಿದರೆ ತುದಿಗಳು ಅದಲುಬದಲಾಗಿವೆ. ಐಸ್ ನೀರಿನಲ್ಲಿ 0, ಕುದಿಯುವ ನೀರಿನಲ್ಲಿ 100ರ ಹತ್ತಿರ ಬಂದರೆ ಸರಿ.

ಸೆನ್ಸರ್ ತುದಿ ಜಾಲರಿಯ ಮಟ್ಟದಲ್ಲೇ ಇರಲಿ, ಮಾಂಸದಿಂದ ಮೂರು ಬೆರಳು ದೂರ. ತಣ್ಣನೆಯ ಮಾಂಸಕ್ಕೆ ತಾಗಿದರೆ ಅದು ಕಡಿಮೆ ತೋರಿಸುತ್ತದೆ, ಫ್ಯಾನ್ ಊದುತ್ತಲೇ ಇರುತ್ತದೆ.

ಆಮೇಲೆ ಸೋರಿಕೆ. ಸ್ವಲ್ಪ ಹೊಗೆ ಎಬ್ಬಿಸಿ ನೋಡಿ, ಮೇಲಿನ ಕಂಡಿ ಬಿಟ್ಟು ಬೇರೆ ಎಲ್ಲಿಂದ ಬಂದರೂ ಶಾಖ ತಡೆಯುವ ಗ್ಯಾಸ್ಕೆಟ್ ಹಾಕಿ ಮುಚ್ಚಿ. ಫ್ಯಾನ್ ನಿಂತಾಗಲೂ ಅದರ ಬಾಯಿಂದ ಗಾಳಿ ತಾನಾಗಿ ಒಳಗೆ ಹೋಗುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ಆ ಬಾಯಿಯ ಅರ್ಧಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿ.

ಈಗ ಬೆಂಕಿ. ಇಲ್ಲಿ ಆತುರ ಬೇಡ. ಹೊತ್ತಿಸದ ಇದ್ದಿಲನ್ನು ತುಂಬಿ, ಒಂದು ಮೂಲೆಯಲ್ಲಿ ಮಾತ್ರ ಎಂಟೋ ಹತ್ತೋ ಕೆಂಡ ಇಡಿ. ತಕ್ಷಣ ಫ್ಯಾನ್ ಹಾಕಿದಿರೋ, ಕೆಟ್ಟಿತು. ಕಂಟ್ರೋಲರ್‌ಗೆ 30 ಡಿಗ್ರಿ ಕಾಣುತ್ತದೆ, 110 ಬೇಕು, ಹಾಗಾಗಿ ಪೂರ್ತಿ ವೇಗದಲ್ಲಿ ಊದುತ್ತದೆ. ಫ್ಯಾನ್ ವೇಗ ನಿರ್ಧರಿಸುವ ಕೋಡ್‌ನ ಲೆಕ್ಕಾಚಾರವಾದ ಪಿಐಡಿಯಲ್ಲಿ ಐ ಭಾಗ ಕೊರತೆಯನ್ನೆಲ್ಲ ಕೂಡಿಡುತ್ತಾ ಹೋಗುತ್ತದೆ, 110 ದಾಟಿದ ಮೇಲೂ ಫ್ಯಾನ್ ನಿಲ್ಲುವುದಿಲ್ಲ, ಅಷ್ಟರಲ್ಲಿ ಇದ್ದಿಲೆಲ್ಲ ಹೊತ್ತಿಕೊಂಡು 160ಕ್ಕೆ ಹೋದರೆ ಅದನ್ನು ಇಳಿಸಲು ಅರ್ಧ ರಾತ್ರಿ ಬೇಕು. ಕೆಳಗಿನ ಕಂಡಿ ತೆರೆದು 95ರವರೆಗೆ ನಿಧಾನಕ್ಕೆ ಏರಲು ಬಿಡಿ. ಆಮೇಲೆ ಆ ಕಂಡಿ ಮುಚ್ಚಿ ಫ್ಯಾನ್ ಶುರು ಮಾಡಿ. ವೇಗ ಶೇ 40 ಮೀರದಂತೆ ಕೋಡ್‌ನಲ್ಲೇ ಕಟ್ಟಿಹಾಕಿ, ಐ ಬೆಲೆ ತೀರಾ ಕಡಿಮೆ ಇರಲಿ. ಮುಕ್ಕಾಲು ಗಂಟೆ 110ರ ಹತ್ತಿರ ನಿಂತರೆ ಮಾತ್ರ ಮಾಂಸ ಒಳಗೆ.

ಮುಚ್ಚಳ ತೆಗೆಯುವ ಮುಂಚೆ ಫ್ಯಾನ್ ಆಫ್. ಮರೆಯುತ್ತೀರಿ ಅನಿಸಿದರೆ, ಬಿಸಿ ಒಮ್ಮೆಲೇ 10 ಡಿಗ್ರಿ ಬಿದ್ದಾಗ ಐದು ನಿಮಿಷ ಫ್ಯಾನ್ ನಿಲ್ಲುವಂತೆ ಬರೆಯಿರಿ. ಸೆನ್ಸರ್ ವೈರ್ ಕಿತ್ತುಹೋದರೂ ಫ್ಯಾನ್ ನಿಲ್ಲಲೇಬೇಕು. ಮಲಗುವ ಮುಂಚೆ 95ಕ್ಕೂ 135ಕ್ಕೂ ಅಲಾರಂ ಇಡಿ. ಅಲಾರಂ ಇಲ್ಲದೆ ಇಡೀ ರಾತ್ರಿ ಬಿಡುವುದನ್ನು ನಾನು ಒಪ್ಪುವುದೇ ಇಲ್ಲ. ಇದೆಲ್ಲ ಬಯಲಲ್ಲೇ ಆಗಬೇಕು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ, ಹಾಗಾಗಿ ಗ್ಯಾರೇಜ್, ಮುಚ್ಚಿದ ಬಾಲ್ಕನಿ ಯಾವುದೂ ಬೇಡ.

ಮಾಂಸದ ಒಳಗಿನ ಬಿಸಿ 65ರಿಂದ 75ರ ನಡುವೆ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. ಕಂಟ್ರೋಲರ್ ಕೆಟ್ಟಿಲ್ಲ, ಮೇಲ್ಮೈಯ ನೀರು ಆವಿಯಾಗುತ್ತಾ ತಂಪು ಮಾಡುತ್ತಿದೆ, ಅಷ್ಟೇ. ಬೆಂಕಿ ಏರಿಸಬೇಡಿ, ಅರ್ಜೆಂಟ್ ಇದ್ದರೆ ಫಾಯಿಲ್ ಸುತ್ತಿ. ಹಂದಿಯ ಭುಜದ ಮಾಂಸವಾದರೆ 95 ಡಿಗ್ರಿಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ರಾತ್ರಿ ಬೆಂಕಿ ಆರಿ ಒಳಗಿನ ಬಿಸಿ 60ಕ್ಕಿಂತ ಕೆಳಗಿಳಿದು, ಎಷ್ಟು ಹೊತ್ತಾಯಿತೆಂದು ಗೊತ್ತಾಗದಿದ್ದರೆ ಎಸೆದುಬಿಡಿ.

ಕೆಲಸ ಮುಗಿದ ಮೇಲೆ ಫ್ಯಾನ್ ಕಳಚಿ ಎಲ್ಲ ಕಂಡಿಗಳನ್ನೂ ಮುಚ್ಚಿ. ಇದ್ದಿಲು ಆರುತ್ತದೆ, ಉಳಿದದ್ದು ಮುಂದಿನ ಸಲಕ್ಕೆ ಆಗುತ್ತದೆ.